ನಾಯಕನ ಬೆಲೆ: ಹುಬ್ಬಳ್ಳಿ ಟೈಗರ್ಸ್ ಹರಾಜಿನ ಬಗ್ಗೆ ಒಂದು ಟಿಪ್ಪಣಿ

2025ರ ಜುಲೈ 15ರಂದು ಬೆಂಗಳೂರಿನಲ್ಲಿ ಮಹಾರಾಜ ಟ್ರೋಫಿ ಟಿ20 ಟೂರ್ನಿಯ ಹರಾಜು ನಡೆಯಿತು. ಅಲ್ಲಿ ಹುಬ್ಬಳ್ಳಿ ಟೈಗರ್ಸ್ ತಂಡ ದೇವದತ್ತ ಪಡಿಕ್ಕಲ್ ಅವರಿಗೆ 13.20 ಲಕ್ಷ, ಅಭಿನವ್ ಮನೋಹರ್ ಅವರಿಗೆ 12.20 ಲಕ್ಷ ರೂಪಾಯಿ ತೆತ್ತಿತು. ತಂಡವೊಂದಕ್ಕೆ ಇದ್ದ ಖರ್ಚಿನ ಮಿತಿ 50 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇಬ್ಬರಿಗೇ ಹೋಯಿತು. ಅದೇ ಹರಾಜಿನಲ್ಲಿ, ಹಿಂದಿನ ಎರಡು ವರ್ಷ ಟೈಗರ್ಸ್ ನಾಯಕರಾಗಿದ್ದ ಮನೀಶ್ ಪಾಂಡೆ 12.20 ಲಕ್ಷಕ್ಕೆ ಮೈಸೂರು ವಾರಿಯರ್ಸ್ ಸೇರಿದರು. ಟೈಗರ್ಸ್ ನಾಯಕತ್ವ ಪಡಿಕ್ಕಲ್ ಕೈಗೆ ಬಂತು. ಆಗಸ್ಟ್ ಕೊನೆಯಲ್ಲಿ ಮೈಸೂರಿನಲ್ಲಿ ನಡೆದ ಫೈನಲ್ಲಿನಲ್ಲಿ ಮಳೆ ಬಂದು, ವಿಜೆಡಿ ಎಂಬ ಮಳೆ ನಿಯಮದ ಲೆಕ್ಕದ ಪ್ರಕಾರ ಮಂಗಳೂರು ಡ್ರ್ಯಾಗನ್ಸ್ ಟೈಗರ್ಸ್ ವಿರುದ್ಧ 14 ರನ್ನುಗಳಿಂದ ಗೆದ್ದಿತು.

'ಇಷ್ಟು ರೊಕ್ಕಾ ಸುರದ್ರೂ ಕಪ್ ಬರ್ಲಿಲ್ಲಲ್ಲ' ಎಂದು ಹಳೇ ಹುಬ್ಬಳ್ಳಿಯ ಇಂಡಿಪಂಪ್ ಬಳಿ ಚಹಾ ಕುಡಿಯುವವರು ಹೇಳಿದರೆ ಅದನ್ನು ತಪ್ಪೆನ್ನಲಾಗದು. ಆದರೆ ಆ ರೊಕ್ಕ ಕೊಟ್ಟದ್ದು ಯಾತಕ್ಕೆ ಎಂಬುದನ್ನು ಮೊದಲು ಕೇಳಬೇಕು. ಆಡುವವನಿಗೋ, ಆಡಿಸುವವನಿಗೋ? ಕರ್ನಾಟಕದ ಟಿ20 ಮಾರುಕಟ್ಟೆಯಲ್ಲಿ ಬೆಲೆ ಬರುವುದು ಬ್ಯಾಟಿಗೆ ಮತ್ತು ಚೆಂಡಿಗೆ. ನಾಯಕತ್ವ ಅದರ ಜೊತೆಗೆ ಪುಕ್ಕಟೆಯಾಗಿ ಬರುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ಹಿನ್ನೆಲೆ ಚಿಕ್ಕದು. ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಕಾಲದ ಕೊನೆಯ, ಅಂದರೆ 2019ರ ಟೂರ್ನಿಯ ಫೈನಲ್ಲಿನಲ್ಲಿ ವಿನಯ್ ಕುಮಾರ್ ನಾಯಕತ್ವದ ಟೈಗರ್ಸ್ ಬಳ್ಳಾರಿ ಟಸ್ಕರ್ಸ್ ತಂಡವನ್ನು 8 ರನ್ನುಗಳಿಂದ ಸೋಲಿಸಿತ್ತು. ಆಮೇಲೆ ಫಿಕ್ಸಿಂಗ್ ಪ್ರಕರಣ ಬಂತು, ಕೊರೊನಾ ಬಂತು, ಟೂರ್ನಿ ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಮರಳಿದಾಗ ಅಲ್ಲಿ ಹರಾಜು ಇರಲಿಲ್ಲ. ಆಟಗಾರರನ್ನು ವರ್ಗಗಳಾಗಿ ಹಂಚಿ, ಎ ವರ್ಗಕ್ಕೆ 5 ಲಕ್ಷ, ಡಿ ವರ್ಗಕ್ಕೆ 50 ಸಾವಿರ ಎಂದು ಸಂಭಾವನೆ ನಿಗದಿ ಮಾಡಿ, ತಂಡಗಳು ಸರದಿಯಂತೆ ಡ್ರಾಫ್ಟಿನಲ್ಲಿ ಆರಿಸಿಕೊಂಡವು. ಎ ವರ್ಗದ ಎಲ್ಲರಿಗೂ ಒಂದೇ ಸಂಭಾವನೆ ಆದುದರಿಂದ ಆ ವರ್ಷ ನಾಯಕನಿಗೆ ಪ್ರತ್ಯೇಕ ಬೆಲೆಯೇ ಇರಲಿಲ್ಲ. ಹುಬ್ಬಳ್ಳಿಗೆ ಅಭಿಮನ್ಯು ಮಿಥುನ್ ನಾಯಕರಾದರು, ಗುಲ್ಬರ್ಗ ಮಿಸ್ಟಿಕ್ಸ್‌ಗೆ ಮನೀಶ್ ಪಾಂಡೆ. ಕಪ್ ಗೆದ್ದದ್ದು ಗುಲ್ಬರ್ಗ.

ಮರುವರ್ಷ ಹರಾಜು ಬಂದಾಗ ಮಾರುಕಟ್ಟೆ ಏನು ಮಾಡಿತು ಎಂಬುದೇ ನನಗೆ ಹೆಚ್ಚು ಕುತೂಹಲದ ಸಂಗತಿ. ಹಿಂದಿನ ವರ್ಷವಷ್ಟೇ ಕಪ್ ಎತ್ತಿದ ನಾಯಕ ಎಲ್ಲರಿಗಿಂತ ದುಬಾರಿಯಾಗಬೇಕಿತ್ತು. ಹಾಗಾಗಲಿಲ್ಲ. ಶಿವಮೊಗ್ಗ ಲಯನ್ಸ್ ಅಭಿನವ್ ಮನೋಹರ್ ಅವರಿಗೆ 15 ಲಕ್ಷ ಕೊಟ್ಟಿತು, ಬೆಂಗಳೂರು ಬ್ಲಾಸ್ಟರ್ಸ್ ಮಯಂಕ್ ಅಗರವಾಲ್ ಅವರಿಗೆ 14 ಲಕ್ಷ, ಗುಲ್ಬರ್ಗ ಪಡಿಕ್ಕಲ್ ಅವರಿಗೆ 13.20 ಲಕ್ಷ. ಪಾಂಡೆ 10.60 ಲಕ್ಷಕ್ಕೆ ಹುಬ್ಬಳ್ಳಿಗೆ ಸಿಕ್ಕರು. ಆಗಸ್ಟ್ 29ರ ಫೈನಲ್ಲಿನಲ್ಲಿ ಮೊಹಮ್ಮದ್ ತಾಹಾ 72 ರನ್ ಹೊಡೆದರು, ಪಾಂಡೆ 23 ಎಸೆತಗಳಲ್ಲಿ 50. ಟೈಗರ್ಸ್ 203 ಗಳಿಸಿ ಮೈಸೂರನ್ನು 195ಕ್ಕೆ ಕಟ್ಟಿಹಾಕಿತು. ಅಂತರ ಮತ್ತೆ 8 ರನ್. ಮುಂದಿನ ವರ್ಷ ಆಗಸ್ಟಿನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ವಿರುದ್ಧದ ಪಂದ್ಯ ಸಮವಾಗಿ, ಮೂರು ಸೂಪರ್ ಓವರ್ ಆಡಿಸಿ, ಕೊನೆಗೆ ಹುಬ್ಬಳ್ಳಿ ಗೆದ್ದದ್ದೂ ಪಾಂಡೆ ಕಾಲದಲ್ಲೇ. ಹಾಗೆ ನೋಡಿದರೆ ಎರಡು ಬೇರೆ ಬೇರೆ ಊರಿಗೆ ಸಾಲಾಗಿ ಎರಡು ಕಪ್ ತಂದ ನಾಯಕನ ಬೆಲೆ 2025ರಲ್ಲಿ ಏರಿದ್ದು 1.60 ಲಕ್ಷ ಮಾತ್ರ. ಪಡಿಕ್ಕಲ್ ಬೆಲೆ 2023ರಲ್ಲಿ ಎಷ್ಟಿತ್ತೋ 2025ರಲ್ಲೂ ಅಷ್ಟೇ ನಿಂತಿತು: 13.20 ಲಕ್ಷ. ನಡುವಿನ ಎರಡು ವರ್ಷದಲ್ಲಿ ಗುಲ್ಬರ್ಗ ಕಪ್ ಗೆಲ್ಲಲಿಲ್ಲ ಎಂಬುದು ಆ ಅಂಕಿಯನ್ನು ಕೆಳಗಿಳಿಸಲೂ ಇಲ್ಲ. ನಾಲ್ಕೇ ಟೂರ್ನಿಗಳ ಆಧಾರದ ಮೇಲೆ ನಿಯಮ ಬರೆಯಲಾಗದು, ನಿಜ. ಆದರೂ ಕೂಗಿದ ಬೆಲೆಯಲ್ಲಿ ಗೆಲುವಿನ ನೆನಪು ತೀರ ಕಡಿಮೆ ಇದೆ ಎನ್ನಲು ಇಷ್ಟು ಸಾಕು.

ಅಮೆರಿಕದ ಫುಟ್‌ಬಾಲಿನಲ್ಲಿ ಈ ಲೆಕ್ಕ ಬೇರೆ. ಅಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬುವನೇ ಪ್ರತಿ ದಾಳಿಯನ್ನೂ ಶುರು ಮಾಡುವವನು. ಚೆಂಡು ಮೊದಲು ಅವನ ಕೈಗೇ ಬರುತ್ತದೆ. ಕ್ರಿಕೆಟ್ಟಿನ ನಾಯಕತ್ವದಂತೆ ಅದನ್ನು ಒಬ್ಬನಿಂದ ಕಿತ್ತು ಇನ್ನೊಬ್ಬನಿಗೆ ಕೊಡಲು ಬರುವುದಿಲ್ಲ. ಕಾಲೇಜು ಮುಗಿಸಿ ಬರುವ ಹುಡುಗರನ್ನು 32 ತಂಡಗಳು ಏಳು ಸುತ್ತಿನ ಡ್ರಾಫ್ಟಿನಲ್ಲಿ ಆರಿಸುತ್ತವೆ. ಹಿಂದಿನ ವರ್ಷ ಕೊನೆಯಲ್ಲಿದ್ದವರಿಗೆ ಮೊದಲ ಸರದಿ. ಆ ಸರದಿಯನ್ನು ಮಾರಬಹುದು, ಮುಂದಿನ ವರ್ಷಗಳ ಸರದಿಯನ್ನೂ ಅಡ ಇಡಬಹುದು. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಮೂರನೇ ಸರದಿಗಾಗಿ ಮೂರು ವರ್ಷಗಳ ಮೊದಲ ಸುತ್ತಿನ ಹಕ್ಕನ್ನು ಮಯಾಮಿಗೆ ಬಿಟ್ಟುಕೊಟ್ಟು ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್‌ನನ್ನು ತಂದಿತು. ಎರಡು ವರ್ಷ ತುಂಬಿದ ಮೇಲೆ ಅವನನ್ನು ನಾಲ್ಕನೇ ಸುತ್ತಿನ ಒಂದು ಹಕ್ಕಿಗೆ ಡಲ್ಲಾಸ್‌ಗೆ ಮಾರಿತು. ಅಷ್ಟರಲ್ಲಿ 2022ರ ಡ್ರಾಫ್ಟಿನ ಕಟ್ಟಕಡೆಯ, ಅಂದರೆ 262ನೇ ಸರದಿಯಲ್ಲಿ ಸಿಕ್ಕ ಬ್ರಾಕ್ ಪರ್ಡಿ ಆ ಜಾಗದಲ್ಲಿ ನಿಂತಾಗಿತ್ತು. 2024ರ ಫೆಬ್ರುವರಿಯಲ್ಲಿ ತಂಡವನ್ನು ಸೂಪರ್ ಬೌಲ್ ತನಕ ಒಯ್ದವನು ಅವನೇ. ಕೆರೊಲೈನಾ ತಂಡದ್ದು ಇದಕ್ಕಿಂತ ಕಹಿ ಕಥೆ. 2023ರಲ್ಲಿ ಬ್ರೈಸ್ ಯಂಗ್‌ಗಾಗಿ ಶಿಕಾಗೊಗೆ ಕೊಟ್ಟ ಮುಂದಿನ ವರ್ಷದ ಹಕ್ಕು, ಕೆರೊಲೈನಾ ಆ ವರ್ಷ ಎಲ್ಲರಿಗಿಂತ ಕೆಳಗೆ ಬಿದ್ದದ್ದರಿಂದ, ದೇಶದ ಮೊದಲ ಸರದಿಯೇ ಆಯಿತು. ಅದರಲ್ಲಿ ಶಿಕಾಗೊ ಕೇಲಬ್ ವಿಲಿಯಮ್ಸ್‌ನನ್ನು ಆರಿಸಿಕೊಂಡಿತು. ತಂಡಗಳು ಮೊದಲ ಸರದಿಗಳಿಗೆ ಅವುಗಳ ಯೋಗ್ಯತೆಗಿಂತ ಹೆಚ್ಚು ತೆರುತ್ತವೆ ಎಂದು ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಾದಿಸಿದ್ದರು.

ಅಡ ಇಡುವ ಆ ಸೌಲಭ್ಯ ನಮ್ಮಲ್ಲಿಲ್ಲ. ಮಹಾರಾಜ ಟ್ರೋಫಿಯ ತಂಡಕ್ಕೆ ನಾಳೆಯ ಸರದಿ ಎಂಬ ಆಸ್ತಿಯೇ ಇಲ್ಲದ್ದರಿಂದ, ತಪ್ಪು ಮಾಡಿದರೂ ಅದರ ಸಾಲ ಮುಂದಿನ ಹರಾಜಿಗೆ ತೀರಿಹೋಗುತ್ತದೆ. ಐಪಿಎಲ್‌ನಲ್ಲೂ ಕೊಡುಕೊಳ್ಳುವಿಕೆ ಹಣದಲ್ಲಿ ಅಥವಾ ಆಟಗಾರರಲ್ಲಿ ಆಗುತ್ತದೆ. ಕರ್ನಾಟಕದವರಿಗೆ ಹತ್ತಿರದ ಉದಾಹರಣೆ 2019ರ ನವೆಂಬರಿನದು. ಕಿಂಗ್ಸ್ ಇಲೆವೆನ್ ಪಂಜಾಬ್ ತನ್ನ ನಾಯಕ ರವಿಚಂದ್ರನ್ ಅಶ್ವಿನ್ ಅವರನ್ನು ಡೆಲ್ಲಿ ಕ್ಯಾಪಿಟಲ್ಸ್‌ಗೆ ಬಿಟ್ಟುಕೊಟ್ಟು, ಬದಲಿಗೆ ಮೈಸೂರಿನ ಜೆ. ಸುಚಿತ್ ಅವರನ್ನೂ 1.5 ಕೋಟಿ ರೂಪಾಯಿಯನ್ನೂ ಪಡೆಯಿತು. ಹೊಸ ನಾಯಕನನ್ನು ಹೊರಗಿನಿಂದ ಕೊಳ್ಳಲಿಲ್ಲ. 2018ರಲ್ಲಿ 11 ಕೋಟಿಗೆ ಬಂದಿದ್ದ ಕೆ.ಎಲ್. ರಾಹುಲ್ ತಂಡದಲ್ಲೇ ಇದ್ದರು, ಕೋಚ್ ಅನಿಲ್ ಕುಂಬ್ಳೆ. 2020ರಲ್ಲಿ ರಾಹುಲ್ 670 ರನ್ ಗಳಿಸಿ ಎಲ್ಲರಿಗಿಂತ ಮುಂದಿದ್ದರು, ತಂಡ ಆರನೇ ಸ್ಥಾನದಲ್ಲಿತ್ತು. ಅಶ್ವಿನ್ ಹೋದ ಡೆಲ್ಲಿ ಫೈನಲ್ ಆಡಿತು. ಮುಂದೆ 2022ರಲ್ಲಿ ಲಖನೌ ತಂಡ ಹರಾಜಿಗೆ ಮೊದಲೇ ರಾಹುಲ್ ಅವರನ್ನು 17 ಕೋಟಿಗೆ ಆರಿಸಿಕೊಂಡು ನಾಯಕನಾಗಿಸಿತು. 2025ಕ್ಕೆ ಡೆಲ್ಲಿ 14 ಕೋಟಿಗೆ ಕೊಂಡಿತು, ಆದರೆ ನಾಯಕತ್ವ ಅಕ್ಷರ್ ಪಟೇಲ್‌ಗೆ ಹೋಯಿತು. ಈ 17ಕ್ಕೂ 14ಕ್ಕೂ ನಡುವಿನ 3 ಕೋಟಿಯೇ ನಾಯಕತ್ವದ ಬೆಲೆ ಎಂದು ಕಳೆಯುವ ಲೆಕ್ಕ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಹರಾಜಿಗೆ ಮುಂಚಿನ ಆಯ್ಕೆ, ಇನ್ನೊಂದು ಬಹಿರಂಗ ಹರಾಜು. ಎರಡಕ್ಕೂ ಒಂದೇ ತಕ್ಕಡಿ ಹಿಡಿಯಲಾಗದು.

ಹುಬ್ಬಳ್ಳಿಗೆ ಮರಳೋಣ. 2024ರ ಜನವರಿಯಲ್ಲಿ ರಾಜನಗರದ ಕೆಎಸ್‌ಸಿಎ ಮೈದಾನದಲ್ಲಿ ಪಂಜಾಬ್ ವಿರುದ್ಧದ ರಣಜಿ ಪಂದ್ಯದಲ್ಲಿ ಪಡಿಕ್ಕಲ್ 193, ಪಾಂಡೆ 118 ಹೊಡೆದರು. ಟೈಗರ್ಸ್‌ನ ಆಗಿನ ನಾಯಕ ಮತ್ತು ಮುಂದಿನ ನಾಯಕ, ಒಂದೇ ಇನಿಂಗ್ಸ್, ನಮ್ಮದೇ ಊರು. ಪಡಿಕ್ಕಲ್ ಬೆಲೆಯನ್ನು ವಿವರಿಸಲು ಇಂಥ ಇನಿಂಗ್ಸ್‌ಗಳೇ ಸಾಕು, ನಾಯಕತ್ವವನ್ನು ಎಳೆತರಬೇಕಿಲ್ಲ. ವಿಚಿತ್ರವೆಂದರೆ 2022ರಿಂದ 2025ರ ತನಕ ಮಹಾರಾಜ ಟ್ರೋಫಿಯ ಒಂದು ಪಂದ್ಯವೂ ಈ ಮೈದಾನದಲ್ಲಿ ನಡೆದಿಲ್ಲ. ಕೆಪಿಎಲ್ ಕಾಲದಲ್ಲಿ ನಡೆಯುತ್ತಿದ್ದವು. ಊರಿನ ಹೆಸರು ಹೊತ್ತ ತಂಡದ ನಾಯಕ ಫೀಲ್ಡಿಂಗ್ ಹೇಗೆ ನಿಲ್ಲಿಸುತ್ತಾನೆ, ಬೌಲರ್‌ನನ್ನು ಯಾವಾಗ ಬದಲಿಸುತ್ತಾನೆ ಎಂಬುದನ್ನು ಹಳೇ ಹುಬ್ಬಳ್ಳಿಯವರು ಮೊಬೈಲಿನಲ್ಲೇ ನೋಡಬೇಕು.

ಸಂಶೋಧಕನ ಮಟ್ಟಿಗೆ ಉಳಿಯುವ ಬೇಡಿಕೆ ಒಂದು. ಹರಾಜಿನ ಸುದ್ದಿಯಲ್ಲಿ ಬರುವುದು ಗೆದ್ದ ಕೂಗು ಮಾತ್ರ. ಸೋತ ತಂಡ ಎಷ್ಟಕ್ಕೆ ಕೈಬಿಟ್ಟಿತು, ಎಷ್ಟು ತಂಡ ಕೈ ಎತ್ತಿದವು, ಆ ಹೊತ್ತಿಗೆ ಯಾರ ಬಳಿ ಎಷ್ಟು ಹಣ ಉಳಿದಿತ್ತು ಎಂಬುದು ತಿಳಿಯದೆ 13.20 ಲಕ್ಷವನ್ನು ದುಬಾರಿ ಎನ್ನಲೂ ಆಗದು, ಅಗ್ಗ ಎನ್ನಲೂ ಆಗದು. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ 2023ರಿಂದ ಈಚಿನ ಎಲ್ಲ ಹರಾಜುಗಳ ಪೂರ್ಣ ದಾಖಲೆಯನ್ನು, ಸೋತ ಕೂಗುಗಳೂ ಸೇರಿ, ಸಾರ್ವಜನಿಕರಿಗೆ ಒದಗಿಸಬೇಕು.