ಚಳಿಯ ಮೇಲೆ ಹೊರಿಸಿದ ದೂರು

1918ರ ಚಳಿಗಾಲದಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ಗೆ ಹೋದದ್ದು ಕಲ್ಲುಕುಟಿಗರ ಬೆರಳುಗಳನ್ನು ನೋಡುವುದಕ್ಕೆ. ಊರಿನ ಸುತ್ತಲೂ ಸುಣ್ಣಕಲ್ಲಿನ ಗಣಿಗಳು. ಮುಂದೆ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮೈಗೆ ಹೊದಿಸಿದ್ದು ಈ ಸೀಮೆಯ ಕಲ್ಲನ್ನೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಮರದ ಕೊಡತಿಯ ಜಾಗಕ್ಕೆ ಗಾಳಿಯ ಒತ್ತಡದಿಂದ ಓಡುವ ಸುತ್ತಿಗೆ ಬಂದಿತ್ತು. ನಿಮಿಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಪೆಟ್ಟು ಹಾಕುವ ಯಂತ್ರವದು. ಅದನ್ನು ಹಿಡಿದವರ ಬೆರಳು ಚಳಿಯ ಬೆಳಗುಗಳಲ್ಲಿ ಹೆಣದ ಬೆರಳಿನಂತೆ ಬಿಳಿಚಿಕೊಂಡು ಸ್ಪರ್ಶವೇ ಇಲ್ಲದಂತಾಗುತ್ತಿತ್ತು. ತಿಕ್ಕಿ ತೀಡಿ, ತೋಳು ಬೀಸಿ ರಕ್ತ ಮರಳಿಸಿಕೊಂಡರೆ ಚುಚ್ಚಿದಂಥ ನೋವು. ಸ್ವಲ್ಪ ಹೊತ್ತಿಗೆ ಎಲ್ಲವೂ ಮೊದಲಿನಂತೆ. ಹ್ಯಾಮಿಲ್ಟನ್ ಪರೀಕ್ಷಿಸಿದ 38 ಮಂದಿಯಲ್ಲಿ ಶೇಕಡಾ 89ರಷ್ಟು ಜನರಿಗೆ ಈ ತೊಂದರೆ ಇತ್ತು. ಇಷ್ಟು ಸ್ಪಷ್ಟವಾಗಿ ಕಂಡದ್ದು ಬ್ರಿಟನ್ನಿನಲ್ಲಿ ಪರಿಹಾರಕ್ಕೆ ಅರ್ಹವಾದ ಕಸುಬಿನ ಕಾಯಿಲೆ ಎನಿಸಿಕೊಂಡದ್ದು 1985ರಲ್ಲಿ. ಅಷ್ಟು ವರ್ಷ ಹಿಡಿಯಲು ಮುಖ್ಯ ಕಾರಣ, ರೋಗವನ್ನು ಹೊರಗೆಡಹುವ ಚಳಿಯನ್ನೇ ರೋಗ ಹುಟ್ಟಿಸುವ ಕಾರಣವೆಂದು ಎಣಿಸಿದ್ದು ಎಂಬುದು ನನ್ನ ವಾದ.

ಹಾಗೆ ಎಣಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಚಳಿಗೆ ಬೆರಳಿನ ರಕ್ತನಾಳ ಕುಗ್ಗುವುದು ದೇಹದ ಸಹಜ ಧರ್ಮ. ಒಳಗಿನ ಬಿಸಿಯನ್ನು ಉಳಿಸಿಕೊಳ್ಳಲು ಅದು ಅಂಚಿನ ಅಂಗಗಳಿಗೆ ರಕ್ತ ಕಡಿಮೆ ಮಾಡುತ್ತದೆ. ಕೆಲವರಲ್ಲಿ ಈ ಕುಗ್ಗುವಿಕೆ ಅತಿಯಾಗುತ್ತದೆ ಎಂಬುದನ್ನು ಪ್ಯಾರಿಸ್ಸಿನ ಮಾರಿಸ್ ರೇನೋ 1862ರಲ್ಲೇ ತನ್ನ ಪ್ರಬಂಧದಲ್ಲಿ ವಿವರಿಸಿದ್ದ. ಅವನು ವಿವರಿಸಿದ 25 ರೋಗಿಗಳಲ್ಲಿ ಹೆಚ್ಚಿನವರು ಹೆಂಗಸರು. ಎರಡೂ ಕೈಗಳಿಗೆ ಸಮನಾಗಿ ಬರುವ ಈ ತೊಂದರೆಗೆ ಅವನು ನರಗಳ ಅತಿಚಟುವಟಿಕೆಯನ್ನು ಕಾರಣವಾಗಿ ಹೇಳಿದ. ಅಲ್ಲಿಂದ ಮುಂದೆ ಬಿಳಿಚಿದ ಬೆರಳು ಎಂದೊಡನೆ ವೈದ್ಯರ ಮನಸ್ಸು ರೋಗಿಯ ನರ, ವಂಶ, ಸ್ವಭಾವಗಳ ಕಡೆಗೆ ಹೊರಳಿತು. ರೋಗಿಯ ಕೈಯಲ್ಲಿದ್ದ ಉಪಕರಣ ಯಾವುದೆಂದು ಕೇಳುವ ರೂಢಿ ಇರಲಿಲ್ಲ. ಇಟಲಿಯ ಜೊವಾನ್ನಿ ಲೋರಿಗಾ 1911ರಲ್ಲಿ ಗಾಳಿಯಂತ್ರ ಹಿಡಿದ ಕಾರ್ಮಿಕರ ಬೆರಳುಗಳ ಬಗ್ಗೆ ಬರೆದಿದ್ದನಾದರೂ ಅದು ಬಹಳ ದೂರಕ್ಕೆ ಕೇಳಿಸಲಿಲ್ಲ.

ಬೆಡ್‌ಫರ್ಡ್‌ನಲ್ಲಿ ಹ್ಯಾಮಿಲ್ಟನ್ ಕಂಡದ್ದನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ವಾದದ ತಿರುಳು ಅಲ್ಲೇ ಇದೆ. ಕಲ್ಲುಕುಟಿಗನ ಬಲಗೈಯಲ್ಲಿ ಗಾಳಿ ಸುತ್ತಿಗೆ, ಎಡಗೈಯಲ್ಲಿ ಉಳಿ. ಉಳಿ ಜಾರದಂತೆ ಬಿಗಿಯಾಗಿ ಹಿಡಿಯಬೇಕು, ಕಲ್ಲಿನ ಮೇಲೆ ಒತ್ತಿ ನಡೆಸಬೇಕು; ಸುತ್ತಿಗೆಯ ಪ್ರತಿ ಪೆಟ್ಟೂ ಆ ಉಕ್ಕಿನ ಮೂಲಕ ಎಡಗೈಗೆ ಇಳಿಯುತ್ತದೆ. ಬಿಳಿಚಿಕೆ ಹೆಚ್ಚಾಗಿದ್ದದ್ದೂ ಆ ಎಡಗೈಯಲ್ಲೇ, ಅದರಲ್ಲೂ ಉಳಿಗೆ ಆನಿಕೊಂಡಿರುವ ಕಿರುಬೆರಳು, ಉಂಗುರ ಬೆರಳುಗಳಲ್ಲಿ. ಬಲಗೈಯಲ್ಲಿ ಬಹುಮಟ್ಟಿಗೆ ಬೆರಳ ತುದಿಗಳಷ್ಟೇ. ಬಿಳಿಯ ಭಾಗಕ್ಕೂ ಸಹಜ ಬಣ್ಣದ ಭಾಗಕ್ಕೂ ನಡುವೆ ಗೆರೆ ಎಳೆದಷ್ಟು ಖಚಿತವಾದ ಅಂಚು. ಊರಿನ ಚಳಿ ಎರಡು ಕೈಗೂ ಒಂದೇ, ರೋಗಿಯ ನರಸ್ವಭಾವವೂ ಎರಡು ಕೈಗೆ ಬೇರೆ ಬೇರೆ ಇರಲಾರದು. ರೋಗ ಹಿಡಿತದ ಜಾಡನ್ನೇ ಹಿಡಿದು ಹೋಗಿತ್ತು. ಅದೇ ಊರಿನಲ್ಲಿ, ಅದೇ ಚಳಿಯಲ್ಲಿ ದುಡಿದರೂ ಗಾಳಿ ಸುತ್ತಿಗೆಯನ್ನು ಮುಟ್ಟದವರಿಗೆ ಈ ಕಾಟವಿರಲಿಲ್ಲ. ಇನ್ನೂ ಒಂದು ಹೋಲಿಕೆಗೆ ಅವಕಾಶವಿತ್ತು. ಇಂಡಿಯಾನಾಕ್ಕಿಂತ ಹೆಚ್ಚು ಚಳಿಯ ವರ್ಮಾಂಟ್ ರಾಜ್ಯದ ಬ್ಯಾರೆಯಲ್ಲಿ ಗ್ರಾನೈಟ್ ಕೆತ್ತುವವರಿಗೂ ಬೆರಳಿನ ತೊಂದರೆ ಇತ್ತು, ಆದರೆ ಬೆಡ್‌ಫರ್ಡ್‌ನವರಷ್ಟು ತೀವ್ರವಾಗಿ ಇರಲಿಲ್ಲ. ಗ್ರಾನೈಟ್ ಕೆಲಸದಲ್ಲಿ ಸುತ್ತಿಗೆಯನ್ನು ಆಗಾಗ ಕೆಳಗಿಡುತ್ತಾರೆ. ಮೆದುವಾದ ಸುಣ್ಣಕಲ್ಲಿನಲ್ಲಿ ಅದು ದಿನವಿಡೀ ಓಡುತ್ತಲೇ ಇರುತ್ತದೆ. ಚಳಿಯೇ ಮೂಲವಾಗಿದ್ದರೆ ಲೆಕ್ಕ ತಿರುಗುಮುರುಗಾಗಬೇಕಿತ್ತು.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ಸ್ವತಃ ಹ್ಯಾಮಿಲ್ಟನ್ ಅವರ ಬರಹದಿಂದಲೇ ಹುಟ್ಟುತ್ತದೆ: ಅವರು ಕಂಪನ, ಬಿಗಿ ಹಿಡಿತ, ಚಳಿ ಮೂರನ್ನೂ ಕಾರಣಗಳಾಗಿ ಹೆಸರಿಸಿದ್ದರು. ಹೌದು, ಹೆಸರಿಸಿದ್ದರು, ಯಂತ್ರದಿಂದ ಹೊರಬರುವ ಗಾಳಿ ಹಿಗ್ಗುವಾಗ ತಣ್ಣಗಾಗುತ್ತದೆ, ಅದು ಬೆರಳ ಮೇಲೆ ಬೀಸಿದರೆ ಚಳಿ ಇನ್ನಷ್ಟು ಏರುತ್ತದೆ. ಆದರೆ ಮೂರೂ ಸಮತೂಕದವು ಎಂದು ಇದರಿಂದ ಸಿದ್ಧವಾಗುವುದಿಲ್ಲ. ವರ್ಷಗಟ್ಟಲೆ ಕಂಪನ ತಿಂದ ಬೆರಳಿನ ಸಣ್ಣ ರಕ್ತನಾಳಗಳೂ ನರದ ತುದಿಗಳೂ ಹಾಳಾಗಿರುತ್ತವೆ. ಆಮೇಲೆ ಬಂದ ಚಳಿ ಆ ಹಾಳನ್ನು ಬಯಲಿಗೆಳೆಯುತ್ತದೆ, ಅಷ್ಟೆ. ಎರಡನೆಯದು ದೇಹಪ್ರಕೃತಿಯ ಮಾತು. ಹೊಗೆಸೊಪ್ಪಿನ ಚಟ, ವಂಶದ ಒಲವು, ಹಿಂದೆಂದೋ ಹಿಮದಲ್ಲಿ ಬೆರಳು ಕೊರೆದುಹೋದದ್ದು, ಸ್ಕ್ಲೀರೋಡರ್ಮಾದಂಥ ಕಾಯಿಲೆ, ಬೆರಳಿಗಾದ ಪೆಟ್ಟು, ಇವೆಲ್ಲ ಕೈಯ ಚಳಿಬಾಧೆಯನ್ನು ಹೆಚ್ಚಿಸುತ್ತವೆ ಎಂಬುದು ನಿಜ. ಒಬ್ಬಿಬ್ಬರ ವಿಷಯದಲ್ಲಿ ಈ ವಿವರಣೆ ಸಾಕಾದೀತು. ಒಂದು ಕಸುಬಿನ ಹತ್ತರಲ್ಲಿ ಒಂಬತ್ತು ಗಂಡಸರಿಗೆ, ಅದೂ ಉಳಿ ಹಿಡಿದ ಕೈಗೇ ಹೆಚ್ಚಾಗಿ, ವಂಶದ ಒಲವು ಬಂದು ಕೂರುವುದು ಹೇಗೆ?

ಮೂರನೆಯ ಆಕ್ಷೇಪವೇ ಗಟ್ಟಿಯಾದದ್ದು, ಇತಿಹಾಸವನ್ನು ತಡೆದು ನಿಲ್ಲಿಸಿದ್ದೂ ಅದೇ: ಇದೊಂದು ಕಾಯಿಲೆಯೆಂದು ಒಪ್ಪಿದರೂ ಅದರಿಂದ ಕೆಟ್ಟದ್ದೇನು? ಹ್ಯಾಮಿಲ್ಟನ್ ಸಹ ಇದನ್ನು ಕೈ ಕಳೆಯುವಂಥ ರೋಗವೆಂದು ಬಣ್ಣಿಸಿರಲಿಲ್ಲ. ಅವರ ವರದಿ ಅಚ್ಚಾದ ಸಂಪುಟದಲ್ಲೇ ಸಂದೇಹದ ದನಿಗಳೂ ಇದ್ದವು. ಬ್ರಿಟನ್ನಿನಲ್ಲಿ ಔದ್ಯೋಗಿಕ ಗಾಯಗಳ ಸಲಹಾ ಮಂಡಳಿ 1954, 1970, 1975ರಲ್ಲಿ ಮೂರು ಬಾರಿ ಪರಿಶೀಲಿಸಿ, ಇದನ್ನು ಪರಿಹಾರದ ಪಟ್ಟಿಗೆ ಸೇರಿಸುವುದು ಬೇಡವೆಂದಿತು. ತೊಂದರೆ ಕ್ಷುಲ್ಲಕ, ಖಚಿತವಾಗಿ ಪತ್ತೆಹಚ್ಚುವುದು ಕಷ್ಟ ಎಂಬ ಧಾಟಿ. ಮಂಡಳಿಗೆ ಇದ್ದ ತೊಡಕು ಕಲ್ಪಿತವಲ್ಲ. ಬೆಳಗಿನ ಚಳಿಯಲ್ಲಿ ಬಿಳಿಚಿದ್ದ ಬೆರಳು ಬೆಚ್ಚಗಿನ ಆಸ್ಪತ್ರೆಯ ಕೋಣೆಗೆ ಬರುವಷ್ಟರಲ್ಲಿ ಕೆಂಪಗಾಗಿರುತ್ತದೆ. ವೈದ್ಯನಿಗೆ ಸಿಗುವುದು ಕಾರ್ಮಿಕನ ಮಾತು ಮಾತ್ರ, ಪರಿಹಾರದ ಹಣ ಎದುರಿಗಿದ್ದಾಗ ಆ ಮಾತಿಗೆ ಬೆಲೆ ಕಡಿಮೆ. ಹಾಗೆಂದು ಕ್ಷುಲ್ಲಕವೆಂಬ ತೀರ್ಮಾನ ಸರಿಯಾಗದು. ರೋಗ ಬಲಿತವನಿಗೆ ಅಂಗಿಯ ಗುಂಡಿ ಹಾಕಲಾಗುವುದಿಲ್ಲ, ನೆಲಕ್ಕೆ ಬಿದ್ದ ನಾಣ್ಯ ಎತ್ತಲಾಗುವುದಿಲ್ಲ, ಸಣ್ಣ ಮೊಳೆಯನ್ನು ಬೆರಳಲ್ಲಿ ಹಿಡಿದು ನಿಲ್ಲಿಸಲಾಗುವುದಿಲ್ಲ. ಕೈಕಸುಬಿನವನ ಪಾಲಿಗೆ ಇದೇ ಕ್ಷುಲ್ಲಕವಾದರೆ ಗಂಭೀರವಾದದ್ದು ಯಾವುದೋ! ಕೊನೆಗೆ 1981ರಲ್ಲಿ ಮಂಡಳಿ ಮನಸ್ಸು ಬದಲಿಸಿತು, ನಾಲ್ಕು ವರ್ಷದ ಮೇಲೆ ಕಾನೂನೂ ಬದಲಾಯಿತು. 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಕಲ್ಲಿದ್ದಲು ಗಣಿಗಾರರ ಪರವಾಗಿ ತೀರ್ಪು ಕೊಟ್ಟ ಮೇಲೆ ಹರಿದುಬಂದ ಕ್ಲೇಮುಗಳು ಒಂದೂವರೆ ಲಕ್ಷವನ್ನು ದಾಟಿದವು. ಅಷ್ಟರಲ್ಲಿ ಅಮೆರಿಕದ ತಜ್ಞರ ತಂಡವೊಂದು 1978ರಲ್ಲಿ ಬೆಡ್‌ಫರ್ಡ್‌ಗೆ ಮರಳಿ ಹೋಗಿ ಅರವತ್ತು ವರ್ಷದ ಹಿಂದಿನ ಪರೀಕ್ಷೆಯನ್ನೇ ಮತ್ತೆ ಮಾಡಿತ್ತು. ಕಾಯಿಲೆ ಶೇಕಡಾ 80 ಮಂದಿಗೆ ಇತ್ತು. ಸುತ್ತಿಗೆಯೂ ಹೆಚ್ಚುಕಡಿಮೆ ಹಳೆಯದೇ.

ಉಪಕರಣ ಬದಲಾದ ಕಡೆ ಏನಾಯಿತು ಎಂಬುದಕ್ಕೆ ಫಿನ್‌ಲೆಂಡ್ ಉತ್ತರ ಕೊಡುತ್ತದೆ. ಎರಡನೆಯ ಮಹಾಯುದ್ಧದ ನಂತರ ಮರ ಕಡಿಯುವವರ ಕೈಗೆ ಚೈನ್ ಗರಗಸ ಬಂದಂತೆ ಅವರ ಬೆರಳೂ ಬಿಳಿಚತೊಡಗಿದವು. ಜಪಾನಿನ ಕಾಡುಗಳಲ್ಲೂ ಇದೇ ಕಥೆ, ಅಲ್ಲಿ ಗರಗಸ ಹಿಡಿಯುವ ಹೊತ್ತಿಗೇ ದಿನದ ಮಿತಿ ಹಾಕಬೇಕಾಯಿತು. ಫಿನ್‌ಲೆಂಡಿನ ಸುವೊಮುಸ್ಸಾಲ್ಮಿ ಎಂಬಲ್ಲಿ 1972ರಲ್ಲಿ ಗರಗಸದ ಕೆಲಸಗಾರರಲ್ಲಿ ಶೇಕಡಾ 40 ಮಂದಿಗೆ ಈ ರೋಗವಿತ್ತು. ಹಿಡಿಗೂ ಎಂಜಿನ್ನಿಗೂ ನಡುವೆ ಕಂಪನ ನುಂಗುವ ರಬ್ಬರ್ ಇಟ್ಟ, ತೂಕ ಇಳಿಸಿದ ಗರಗಸಗಳು ಬಂದ ಮೇಲೆ, 1990ರ ಹೊತ್ತಿಗೆ, ಅದು ಶೇಕಡಾ 5ಕ್ಕೆ ಇಳಿಯಿತು. ಅಲ್ಲಿನ ಚಳಿಗಾಲವೇನೂ ಆ ಅವಧಿಯಲ್ಲಿ ಬೆಚ್ಚಗಾಗಿ ಕೂತಿರಲಿಲ್ಲ.

ಹಾಗಿದ್ದರೆ ಬಿಸಿಲ ನಾಡಿನಲ್ಲಿ ಈ ರೋಗ ಏಕೆ ಕೇಳಿಬರುವುದಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ, ಕರ್ನಾಟಕದ ಓದುಗರಿಗೆ ಅದೇ ಮುಖ್ಯವಾದದ್ದು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವವರೆಗೆ ಅಲ್ಲಿ ತಲೆಮಾರುಗಳು ಗಾಳಿ ಯಂತ್ರದಿಂದ ಬಂಡೆ ಕೊರೆದವು. ಮೂರು ಕಿಲೋಮೀಟರಿಗೂ ಆಳದ ಆ ಸುರಂಗಗಳಲ್ಲಿ ಬಂಡೆಯೇ ಕಾದಿರುತ್ತದೆ, ಬೆರಳು ಬಿಳಿಚಲು ಚಳಿ ಎಲ್ಲಿಂದ ಬರಬೇಕು? ಇಳಕಲ್ಲಿನ ಕೆಂಪು ಗ್ರಾನೈಟ್, ಚಾಮರಾಜನಗರದ ಕರಿಕಲ್ಲು ಕ್ವಾರಿಗಳಲ್ಲಿ ಕಂಪ್ರೆಸರ್ ಹಚ್ಚಿ ಜಾಕ್‌ಹ್ಯಾಮರ್ ಹಿಡಿಯುವವರದ್ದೂ ಬಿಸಿಲಿನ ದುಡಿಮೆ. ಮಲೇಷ್ಯಾದಂಥ ಬೆಚ್ಚನೆಯ ದೇಶಗಳಲ್ಲಿ ನಡೆದ ಅಧ್ಯಯನಗಳು ತೋರಿಸಿರುವುದು ಇದನ್ನೇ: ಬಿಳಿಚಿಕೆ ಕಾಣುವುದು ಬಲು ವಿರಳ, ಜೋಮು, ಮರಗಟ್ಟುವಿಕೆ, ಹಿಡಿತ ಸಡಿಲುವುದು ಮಾತ್ರ ಸಾಕಷ್ಟು. ಅಂದರೆ ಹಾನಿ ಆಗಿರುತ್ತದೆ, ಅದಕ್ಕೆ ಬಣ್ಣದ ಗುರುತು ಇರುವುದಿಲ್ಲ. ಬಿಳಿ ಬೆರಳನ್ನೇ ರೋಗದ ಚಹರೆಯೆಂದು ನಂಬಿದ ವೈದ್ಯ ಇಂಥ ಊರಿನಲ್ಲಿ ರೋಗವೇ ಇಲ್ಲವೆಂದು ಬರೆದುಬಿಡಬಹುದು, ಜೋಮಿಗೆ ವಯಸ್ಸನ್ನೋ ಸಕ್ಕರೆ ಕಾಯಿಲೆಯನ್ನೋ ಹೊಣೆಮಾಡಬಹುದು. ಚಳಿಯ ನಾಡಿನಲ್ಲಿ ಚಳಿ ಇದ್ದದ್ದರಿಂದ ಸುತ್ತಿಗೆ ಪಾರಾಯಿತು. ಇಲ್ಲಿ ಚಳಿ ಇಲ್ಲದ್ದರಿಂದ ಪಾರಾಗುತ್ತದೆ. ಐರೋಪ್ಯ ಒಕ್ಕೂಟ 2002ರಲ್ಲಿ ಕೈಗೆ ತಗಲುವ ಕಂಪನಕ್ಕೆ ಗಡಿ ಹಾಕಿದಾಗ ಎಂಟು ಗಂಟೆಯ ಲೆಕ್ಕದಲ್ಲಿ ಸೆಕೆಂಡಿನ ವರ್ಗಕ್ಕೆ 5 ಮೀಟರ್ ಎಂಬ ಮಿತಿಯನ್ನೂ, ಅದರ ಅರ್ಧಕ್ಕೇ ಕ್ರಮ ಕೈಗೊಳ್ಳಬೇಕೆಂಬ ನಿಯಮವನ್ನೂ ಮಾಡಿತು. ಚಳಿಯನ್ನು ಬೇರೆಯಾಗಿ ಗಮನಿಸಿ ಎಂದು ಮಾಲೀಕನಿಗೆ ಅದು ಹೇಳುತ್ತದೆ ನಿಜ, ಆದರೆ ಆ ಎರಡು ಅಂಕಿಗಳಿಗೆ ಹೋಲಿಸಲು ಹಾಕುವ ಲೆಕ್ಕದೊಳಗೆ ಯಂತ್ರದ ಅದುರು ಮತ್ತು ಹಿಡಿದ ಹೊತ್ತು ಇವೆ, ಉಷ್ಣಾಂಶ ಇಲ್ಲ.