ಸ್ವಂತಕ್ಕೆ ಕೂಡಿಟ್ಟದ್ದು, ಊರಿಗೆಲ್ಲ ಸಿಕ್ಕಿದ್ದು

1964ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ನೀಲ್ ಸ್ಲೋನ್ ಅವರಿಗೆ ಸಂಖ್ಯೆಗಳ ಒಂದು ಸಾಲು ಗಂಟುಬಿತ್ತು: 0, 1, 8, 78, 944. ಕೃತಕ ನರಜಾಲಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದ ಅವರಿಗೆ ಈ ಸಾಲು ಮುಂದೆ ಹೇಗೆ ಬೆಳೆಯುತ್ತದೆ ಎಂಬುದು ಗೊತ್ತಾಗಬೇಕಿತ್ತು. ಗ್ರಂಥಾಲಯದಲ್ಲಿ ಹುಡುಕೋಣವೆಂದರೆ ಪುಸ್ತಕಗಳನ್ನು ಲೇಖಕರ ಹೆಸರಿನಿಂದ ಹುಡುಕಬಹುದು, ವಿಷಯದಿಂದ ಹುಡುಕಬಹುದು. '1, 8, 78' ಎಂದು ಹುಡುಕುವುದು ಹೇಗೆ? ಸ್ಲೋನ್ ತಮಗೆ ಕಂಡ ಸಂಖ್ಯಾಸಾಲುಗಳನ್ನೆಲ್ಲ ಕಾರ್ಡುಗಳ ಮೇಲೆ ಬರೆದು, ನಿಘಂಟಿನ ಪದಗಳಂತೆ ಕ್ರಮವಾಗಿ ಜೋಡಿಸತೊಡಗಿದರು.

ಆ ಕಾರ್ಡುಗಳು 1973ರಲ್ಲಿ ಪುಸ್ತಕವಾದವು. ಅದರಲ್ಲಿದ್ದುದು 2372 ಸಾಲುಗಳು. ಓದಿದವರು ಸುಮ್ಮನಿರಲಿಲ್ಲ. 'ಇದು ಬಿಟ್ಟುಹೋಗಿದೆ, ಅದನ್ನೂ ಸೇರಿಸಿ' ಎಂಬ ಪತ್ರಗಳು ವರ್ಷಗಟ್ಟಲೆ ಬರುತ್ತಲೇ ಇದ್ದವು. 1995ರಲ್ಲಿ ಸಿಮೋನ್ ಪ್ಲೂಫ್ ಜೊತೆ ಸೇರಿ ಹೊರತಂದ ಎರಡನೆಯ ಪುಸ್ತಕದಲ್ಲಿ ಸಂಗ್ರಹ ಐದು ಸಾವಿರ ದಾಟಿತ್ತು. ಇನ್ನು ಕಾಗದಕ್ಕೆ ಇದನ್ನು ಹೊರಲಾಗದು ಎಂಬುದು ಸ್ಪಷ್ಟವಾಗಿ, ಮರುವರ್ಷ ಇಡೀ ಭಂಡಾರ ಅಂತರಜಾಲಕ್ಕೆ ಬಂತು. ಇಂದು ಓಇಐಎಸ್ ಎಂದು ಕರೆಸಿಕೊಳ್ಳುವ ಆ ವಿಶ್ವಕೋಶದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಸಾಲುಗಳಿವೆ. ಸ್ಲೋನ್‌ರನ್ನು ಕಾಡಿದ ಮೊದಲ ಸಾಲಿಗೂ ಅಲ್ಲೊಂದು ನಂಬರಿದೆ: ಎ000435. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಕಾಪ್ರೇಕರ್ ಕಂಡುಹಿಡಿದ 6174 ಕೂಡ ಅಲ್ಲಿ ತನ್ನ ಬಂಧುಬಳಗದೊಂದಿಗೆ ಕೂತಿದೆ.

ಎಂ.ಎಸ್ಸಿ. ವಿದ್ಯಾರ್ಥಿಗೆ ಇದರ ಪ್ರಯೋಜನ ಸರಳ. ಎಣಿಕೆಯ ಸಮಸ್ಯೆಯೊಂದರಲ್ಲಿ ಮೊದಲ ಐದಾರು ಉತ್ತರಗಳನ್ನು ಕೈಯಲ್ಲೇ ಲೆಕ್ಕಹಾಕಿ ಅಲ್ಲಿ ಟೈಪಿಸಿದರೆ ಸಾಕು. ಸೂತ್ರ, ಇತಿಹಾಸ, ಯಾರು ಎಲ್ಲಿ ಬರೆದರು ಎಂಬುದೆಲ್ಲ ಎದುರಿಗೆ ಬರುತ್ತದೆ. ಸಾಧನೆ ಮಾತ್ರ ತಾನೇ ಬರೆಯಬೇಕು. ಆದರೆ ಸ್ಲೋನ್ ವಿದ್ಯಾರ್ಥಿಗಳ ಉದ್ಧಾರಕ್ಕೆಂದು ಇದನ್ನು ಶುರುಮಾಡಿದ್ದಲ್ಲ, ತಮ್ಮ ತಲೆನೋವು ಕಳೆಯಲು ಮಾಡಿದ್ದು. ಗಣಿತದ ವಿದ್ಯಾರ್ಥಿಗಳು ಇಂದು ಬಿಟ್ಟಿಯಾಗಿ ಬಳಸುವ ತಾಣಗಳ ಹಿಂದೆ ಹೋದರೆ ಹೆಚ್ಚಿನ ಕಡೆ ಇಂಥದೇ ಕತೆ ಸಿಗುತ್ತದೆ.

ಜಾಲ ಬರುವ ಮೊದಲು ಕರ್ನಾಟಕದ ಬಿ.ಎಸ್ಸಿ. ವಿದ್ಯಾರ್ಥಿಯ ಕೈಗೆ ಎಟುಕುತ್ತಿದ್ದ ಒಳ್ಳೆಯ ಗಣಿತವೆಂದರೆ ಮಾಸ್ಕೋದ ಮೀರ್ ಪ್ರಕಾಶನದ್ದು. ನವಕರ್ನಾಟಕದ ಮಳಿಗೆಗಳಲ್ಲಿ ಸೋವಿಯತ್ ಪುಸ್ತಕಗಳು ಅಗ್ಗದ ಬೆಲೆಗೆ ಸಿಗುತ್ತಿದ್ದವು. ಪಿಸ್ಕುನೋವರ ಕಲನಶಾಸ್ತ್ರ, ಯಾಕೊವ್ ಪೆರೆಲ್ಮನ್ನರ ಮನರಂಜನೆಯ ಪುಸ್ತಕಗಳು ಹಲವರ ಕಪಾಟಿನಲ್ಲಿ ಇವತ್ತಿಗೂ ಉಳಿದಿವೆ. 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಆ ಹರಿವೂ ಬತ್ತಿತು.

ಅದೇ ವರ್ಷದ ಬೇಸಿಗೆಯಲ್ಲಿ ಇನ್ನೊಂದು ಹರಿವು ಹುಟ್ಟಿತ್ತು. ಭೌತವಿಜ್ಞಾನಿಗಳು ಅಚ್ಚಿಗೆ ಹೋಗುವ ಮುನ್ನವೇ ತಮ್ಮ ಪ್ರಬಂಧಗಳನ್ನು ಇಮೇಲಿನಲ್ಲಿ ಪರಸ್ಪರ ಕಳಿಸಿಕೊಳ್ಳುತ್ತಿದ್ದ ಕಾಲ. ಕೊಲರಾಡೋದ ಆಸ್ಪೆನ್‌ನಲ್ಲಿ ಸೇರಿದ್ದಾಗ ಟಿಐಎಫ್‌ಆರ್‌ನ ಸ್ಪೆಂಟಾ ವಾಡಿಯಾ, ತಾನು ಪ್ರವಾಸದಲ್ಲಿರುವಾಗ ಹೀಗೆ ಬರುವ ಪ್ರಬಂಧಗಳಿಂದ ಡಿಸ್ಕ್ ತುಂಬಿಹೋದೀತು ಎಂದು ಚಿಂತೆ ತೋಡಿಕೊಂಡರು. ಕೇಳಿಸಿಕೊಂಡ ಪಾಲ್ ಗಿನ್‌ಸ್ಪಾರ್ಗ್ ಎಲ್ಲವನ್ನೂ ಒಂದೇ ಕಂಪ್ಯೂಟರಿನಲ್ಲಿಟ್ಟು ಬೇಕಾದವರು ಬೇಕಾದಾಗ ತರಿಸಿಕೊಳ್ಳುವ ವ್ಯವಸ್ಥೆ ಬರೆದರು. ಆಗಸ್ಟ್ 14ರಂದು ಲಾಸ್ ಅಲಮೋಸ್‌ನಲ್ಲಿ ಅದು ಚಾಲೂ ಆಯಿತು. ಅದೇ ಇಂದಿನ ಆರ್ಕೈವ್. ಗಣಿತದವರೂ ಮರುವರ್ಷದಿಂದ ಸೇರಿಕೊಂಡರು. ಅಂದು ಡಿಸ್ಕಿನ ಚಿಂತೆಯಲ್ಲಿದ್ದ ವಾಡಿಯಾ ಮುಂದೆ ಬೆಂಗಳೂರಿನ ಐಸಿಟಿಎಸ್‌ನ ಸ್ಥಾಪಕ ನಿರ್ದೇಶಕರಾದರು. ಹೆಸರಘಟ್ಟದ ಕಡೆ ಇರುವ ಆ ಕೇಂದ್ರದ ಉಪನ್ಯಾಸಗಳನ್ನು ಈಗ ಯೂಟ್ಯೂಬಿನಲ್ಲಿ ಯಾರು ಬೇಕಾದರೂ ನೋಡಬಹುದು.

2002ರ ನವೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಗ್ರಿಗೊರಿ ಪೆರೆಲ್ಮನ್ ಆರ್ಕೈವ್‌ಗೆ ಒಂದು ಪ್ರಬಂಧ ಏರಿಸಿದರು, ಮರುವರ್ಷ ಇನ್ನೆರಡು. 1904ರಿಂದ ಬಿಡಿಸಲಾಗದೆ ಉಳಿದಿದ್ದ ಪ್ವಾಂಕರೆ ಊಹೆಗೆ ಅವುಗಳಲ್ಲಿ ಸಾಧನೆ ಇತ್ತು. ಅವರು ಯಾವ ನಿಯತಕಾಲಿಕಕ್ಕೂ ಅವನ್ನು ಕಳಿಸಲಿಲ್ಲ. ಫೀಲ್ಡ್ಸ್ ಪದಕ ಬಂದಾಗ ಬೇಡವೆಂದರು, ಹತ್ತು ಲಕ್ಷ ಡಾಲರಿನ ಬಹುಮಾನವನ್ನೂ ಬೇಡವೆಂದರು. ಇವರಿಗೂ ಮನರಂಜನೆಯ ಪುಸ್ತಕಗಳ ಯಾಕೊವ್‌ರಿಗೂ ನೆಂಟಸ್ತಿಕೆಯೇನಿಲ್ಲ. ಆದರೆ ಹುಡುಗ ಗ್ರಿಗೊರಿಗೆ ಅಪ್ಪ ತಂದುಕೊಟ್ಟ ಪುಸ್ತಕಗಳಲ್ಲಿ ಯಾಕೊವ್‌ರ 'ಮನರಂಜನೆಗಾಗಿ ಭೌತಶಾಸ್ತ್ರ'ವೂ ಇತ್ತು.

ಹಂಚುವವರಿದ್ದಂತೆ ಬೀಗ ಹಾಕುವವರೂ ಇದ್ದರು. ಎರಿಕ್ ವೈಸ್‌ಸ್ಟೈನ್ ವಿದ್ಯಾರ್ಥಿಯಾಗಿದ್ದಾಗಿನಿಂದ ಗಣಿತದ ಟಿಪ್ಪಣಿಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು. 1995ರಲ್ಲಿ ಅವನ್ನು 'ಎರಿಕ್‌ನ ನಿಧಿ' ಎಂಬರ್ಥದ ಹೆಸರಿನಲ್ಲಿ ಜಾಲಕ್ಕೆ ಹಾಕಿದರು. 1998ರಲ್ಲಿ ಸಿಆರ್‌ಸಿ ಪ್ರೆಸ್ ಅದನ್ನು ದಪ್ಪನೆಯ ಪುಸ್ತಕವಾಗಿ ಅಚ್ಚುಹಾಕಿತು. 1999ರಲ್ಲಿ ವುಲ್ಫ್ರಮ್ ರಿಸರ್ಚ್ ಕಂಪನಿ ಸೇರಿದ ವೈಸ್‌ಸ್ಟೈನ್ ತಾಣಕ್ಕೆ ಮ್ಯಾಥ್‌ವರ್ಲ್ಡ್ ಎಂದು ಹೊಸ ಹೆಸರಿಟ್ಟರು. ಪ್ರಕಾಶಕರು ಕೋರ್ಟಿಗೆ ಹೋದರು: ಹಕ್ಕು ನಮ್ಮದು, ಜಾಲದಲ್ಲಿ ಬಿಟ್ಟಿಯಾಗಿ ಕೊಡುವಂತಿಲ್ಲ. 2000ದ ಅಕ್ಟೋಬರಿನಲ್ಲಿ ನ್ಯಾಯಾಲಯದ ಆದೇಶದಂತೆ ತಾಣ ಮುಚ್ಚಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿಯೇ ಇತ್ತು.

ಆ ವರ್ಷ ವ್ಯರ್ಥವಾಗಲಿಲ್ಲ ಎನ್ನಬೇಕು. ಒಬ್ಬರ ಸಹಿಯಿಂದ ಇಡೀ ವಿಶ್ವಕೋಶ ಮಾಯವಾಗಬಹುದಾದರೆ, ಯಾರ ಸ್ವತ್ತೂ ಅಲ್ಲದ ಒಂದನ್ನು ಎಲ್ಲರೂ ಸೇರಿ ಬರೆಯೋಣ ಎಂದು ಹೊರಟವರು ಪ್ಲಾನೆಟ್‌ಮ್ಯಾಥ್ ಕಟ್ಟಿದರು. ವಿಕಿಪೀಡಿಯ ಹುಟ್ಟಿದ್ದೂ ಅದೇ ಅವಧಿಯಲ್ಲಿ, 2001ರ ಜನವರಿಯಲ್ಲಿ. ರಾಜಿಯಾಗಿ ನವೆಂಬರಿನಲ್ಲಿ ಮ್ಯಾಥ್‌ವರ್ಲ್ಡ್ ಮರಳಿ ಬಂದಾಗ ಅದು ಊರಿನ ಏಕೈಕ ಅಂಗಡಿಯಾಗಿ ಉಳಿದಿರಲಿಲ್ಲ.

ಎಂಐಟಿಯಲ್ಲಂತೂ ಮಾರಲು ಹೊರಟದ್ದೇ ದಾನವಾಯಿತು. ಜಾಲದ ಮೂಲಕ ಪಾಠ ಮಾಡಿ ಏನಾದರೂ ಗಳಿಸಬಹುದೇ ಎಂದು ನೋಡಲು ನೇಮಿಸಿದ ಸಮಿತಿ, ಲಾಭದ ಲೆಕ್ಕ ಕೂಡಿಬರದೆ, ಎಲ್ಲವನ್ನೂ ಪುಕ್ಕಟೆ ಕೊಟ್ಟುಬಿಡೋಣ ಎಂದು ಸಲಹೆ ಮಾಡಿತು. 2001ರ ಏಪ್ರಿಲಿನಲ್ಲಿ ಓಪನ್‌ಕೋರ್ಸ್‌ವೇರ್ ಘೋಷಣೆಯಾಯಿತು. ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ ರೇಖೀಯ ಬೀಜಗಣಿತದ ತರಗತಿಗಳು 1999ರಲ್ಲೇ ಚಿತ್ರೀಕರಣಗೊಂಡಿದ್ದವು. ಕಪ್ಪು ಹಲಗೆ, ಸೀಮೆಸುಣ್ಣ, ಎರಡು ಅಜ್ಞಾತಗಳ ಎರಡು ಸಮೀಕರಣ. ಹೈಸ್ಕೂಲಿನ ಹುಡುಗಿಯೂ ಬಿಡಿಸಬಲ್ಲ ಅದನ್ನೇ ಅವರು ಮೊದಲು ಎರಡು ಗೆರೆಗಳು ಕೂಡುವ ಬಿಂದುವಾಗಿ, ಆಮೇಲೆ ಎರಡು ಸದಿಶಗಳ ಮಿಶ್ರಣವಾಗಿ ತೋರಿಸುತ್ತಾರೆ. ಈ ಎರಡನೆಯ ನೋಟದಲ್ಲೇ ಇಡೀ ವಿಷಯ ಅಡಗಿದೆ. 1962ರಿಂದ ಅಲ್ಲಿ ಕಲಿಸಿದ ಸ್ಟ್ರ್ಯಾಂಗ್ ಕೊನೆಯ ಪಾಠ ಮಾಡಿದ್ದು 2023ರ ಮೇ ತಿಂಗಳಲ್ಲಿ.

ಭಾರತದ ಉತ್ತರ ಎನ್‌ಪಿಟಿಇಎಲ್. 2003ರಲ್ಲಿ ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಸರ್ಕಾರದ ಹಣದಲ್ಲಿ ಆರಂಭಿಸಿದವು. ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರ ಕೊರತೆ ನೀಗಿಸುವುದು ಗುರಿಯಾಗಿತ್ತು. ಶುದ್ಧ ಗಣಿತದವರು ಅದರ ಲಾಭ ಪಡೆದದ್ದು ಬದಿಯ ಬಾಗಿಲಿನಿಂದ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಮ್ಯಾಕ್‌ಟ್ಯೂಟರ್ ಕೂಡ ಹೀಗೇ. ಓ'ಕಾನರ್ ಮತ್ತು ರಾಬರ್ಟ್‌ಸನ್ ಮ್ಯಾಕಿಂಟೋಷ್ ಕಂಪ್ಯೂಟರುಗಳಿಗಾಗಿ ಮಾಡಿದ ಗಣಿತ ಬೋಧನೆಯ ತಂತ್ರಾಂಶದಲ್ಲಿ ಗಣಿತಜ್ಞರ ಪರಿಚಯಗಳೂ ಸೇರಿದ್ದವು. ಕೊನೆಗೆ ಜನರಿಗೆ ಬೇಕಾದದ್ದು ಆ ಪರಿಚಯಗಳೇ. ಅಲ್ಲಿ ಮಹಾವೀರಾಚಾರ್ಯನೂ ಇದ್ದಾನೆ. ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, 'ಗಣಿತಸಾರಸಂಗ್ರಹ' ಬರೆದವನು. ಅವನ ಬಗ್ಗೆ ಇಂಗ್ಲಿಷಿನಲ್ಲಿ ಓದಲು ಸ್ಕಾಟ್ಲೆಂಡಿನ ತಾಣಕ್ಕೆ ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದ ನಾಡಿನಲ್ಲಿ ಪದವಿ ಮಟ್ಟದ ಗಣಿತ ಜಾಲದ ಮೇಲೆ ಕನ್ನಡದಲ್ಲಿ ತೆಳುವಾಗಿಯೇ ಇದೆ. ಹುಡುಕಿದವರಿಗೆ ಹೆಚ್ಚಾಗಿ ಸಿಗುವುದು ಪರೀಕ್ಷೆಯ ಹಿಂದಿನ ರಾತ್ರಿಗೆ ಹೊಂದುವ ವಿಡಿಯೊಗಳು: ಲೆಕ್ಕವನ್ನು ಹೇಗೆ ಬಿಡಿಸಬೇಕೆಂದು ಅವು ಚೆನ್ನಾಗಿಯೇ ತೋರಿಸುತ್ತವೆ, ಪ್ರಮೇಯ ಏಕೆ ನಿಜ ಎನ್ನಲು ಅವಕ್ಕೆ ಪುರುಸೊತ್ತಿಲ್ಲ.