ಮೈಸೂರು ಲ್ಯಾನ್ಸರ್ಸ್ ಸ್ಮಾರಕ, ಜೆ.ಸಿ. ನಗರ

ಮೊದಲ ಮಹಾಯುದ್ಧದಲ್ಲಿ ಮಡಿದ ಮೈಸೂರು ಸಂಸ್ಥಾನದ ಅಶ್ವದಳದ ಯೋಧರ ಹೆಸರುಗಳು ಈ ಸ್ಮಾರಕದಲ್ಲಿವೆ.

1914ರಲ್ಲಿ ಹಡಗೇರಿ ಈಜಿಪ್ಟ್ ಸೇರಿದ ಪಡೆ ಮೊದಲು ಸೂಯೆಜ್ ಕಾಲುವೆಯನ್ನು ಕಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಸವಾರರು ನಗರಕ್ಕೆ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ಏರು ಹತ್ತಿ ಅಲ್ಲಿನ ಫಿರಂಗಿಗಳ ಮೇಲೆ ಎರಗಿದರು. ಈಟಿ, ಕತ್ತಿ ಹಿಡಿದವರ ಎದುರಿಗಿದ್ದದ್ದು ಮೆಷಿನ್ ಗನ್. ಅಕ್ಟೋಬರ್ 26ರಂದು ಅಲೆಪ್ಪೊ ಸಮೀಪದ ಹರಿತಾನ್‌ನಲ್ಲಿ ಮತ್ತೆ ಕಾದಿದರು. 1953ರಲ್ಲಿ ಈ ದಳ 61ನೇ ಕ್ಯಾವಲ್ರಿಯಲ್ಲಿ ವಿಲೀನವಾಯಿತು.

ನಿಮ್ಮ ಮುತ್ತಜ್ಜ ಈ ದಳದಲ್ಲಿದ್ದರೇ? ಮನೆಯಲ್ಲಿ ಯುದ್ಧದ ಪದಕವಿದ್ದರೆ ಅದರ ಅಂಚನ್ನು ನೋಡಿ: ಸಾಮಾನ್ಯವಾಗಿ ಯೋಧನ ಹೆಸರು, ಹುದ್ದೆ, ದಳ ಅಲ್ಲಿ ಅಚ್ಚಾಗಿರುತ್ತವೆ. ಮಡಿದವರ ವಿವರಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ದಾಖಲೆಗಳಲ್ಲಿ ಹುಡುಕಬಹುದು.